ಕುಂಡದ ಗಿಡದ ಭಾವಚಿತ್ರ: ಸಸ್ಯ ಛಾಯಾಗ್ರಹಣ ನಡೆದು ಬಂದ ಹಾದಿ

ಮಳೆಗಾಲದ ಒಂದು ರಾತ್ರಿ. ಮನೆಯ ಮುಂದಿನ ಕುಂಡದಲ್ಲಿ ಬ್ರಹ್ಮಕಮಲ ಅರಳುತ್ತಿದೆ. ಅಕ್ಕಪಕ್ಕದವರಿಗೆ ಹೇಳಿ ಕಳಿಸಿದ್ದಾಗಿದೆ. ಮಕ್ಕಳು ನಿದ್ದೆ ಬಿಟ್ಟು ಕುಳಿತಿದ್ದಾರೆ. ಹತ್ತು ಗಂಟೆ ದಾಟುತ್ತಿದ್ದಂತೆ ದಳಗಳು ಬಿಚ್ಚಿಕೊಂಡು ಪರಿಮಳ ಹರಡುತ್ತದೆ. ಎಲ್ಲರ ಕೈಯಲ್ಲೂ ಮೊಬೈಲ್. ಫ್ಲ್ಯಾಶ್ ಮೇಲೆ ಫ್ಲ್ಯಾಶ್. ಬೆಳಗಾಗುವ ಹೊತ್ತಿಗೆ ಹೂ ಬಾಡಿ ಜೋತುಬಿದ್ದಿರುತ್ತದೆ. ಉಳಿಯುವುದು ಚಿತ್ರ ಮಾತ್ರ. ಅದನ್ನು ತೆರೆದು ನೋಡಿದರೆ ಕಪ್ಪು ಹಿನ್ನೆಲೆಯಲ್ಲಿ ಒಂದು ಬಿಳಿ ಮುದ್ದೆ! ದಳದ ಮೇಲಿನ ಗೆರೆಗಳಿಲ್ಲ, ಒಳಗಿನ ಕೇಸರಗಳ ಗೊಂಚಲಿಲ್ಲ. ರಾತ್ರಿ ಕಂಡ ಹೂವೇ ಬೇರೆ, ಚಿತ್ರದಲ್ಲಿರುವುದೇ ಬೇರೆ.

ಇಂಥ ನಿರಾಸೆ ನಿಮಗೂ ಆಗಿರಬಹುದು. ಕ್ಯಾಮೆರಾ ಸರಿಯಿಲ್ಲ ಎಂದು ನೀವು ಸುಮ್ಮನಾಗಿರಲೂಬಹುದು. ತಪ್ಪು ಕ್ಯಾಮೆರಾದ್ದಲ್ಲ. ಗಿಡವೊಂದನ್ನು ಬೆಳಕಿನಿಂದ ಚಿತ್ರಿಸುವುದು ನಾವು ತಿಳಿದಷ್ಟು ಸುಲಭವಲ್ಲ. ಎರಡು ಶತಮಾನಗಳಿಂದ ರಸಾಯನ ವಿಜ್ಞಾನಿಗಳು, ಸಸ್ಯ ವಿಜ್ಞಾನಿಗಳು, ಶಾಲಾ ಶಿಕ್ಷಕರು, ಗೃಹಿಣಿಯರು ಈ ಸಮಸ್ಯೆಯೊಂದಿಗೆ ಸೆಣಸಿದ್ದಾರೆ. ಅವರು ಕಂಡುಕೊಂಡ ಒಂದೊಂದು ಉಪಾಯದಲ್ಲೂ ಒಂದೊಂದು ವಿಜ್ಞಾನದ ಪಾಠವಿದೆ. ಆ ಕಥೆಯನ್ನು ನೋಡೋಣ. ಕೊನೆಯಲ್ಲಿ ನಮ್ಮ ಬ್ರಹ್ಮಕಮಲದ ಬಳಿಗೆ ಮತ್ತೆ ಬರೋಣ.

ನಿಲ್ಲದ ಚಿತ್ರ

ಛಾಯಾಗ್ರಹಣದ ಮೊದಲ ಪ್ರಯೋಗಗಳಲ್ಲೇ ಎಲೆಗೆ ಸ್ಥಾನವಿತ್ತು. 1802ರಲ್ಲಿ ಇಂಗ್ಲೆಂಡಿನ ಥಾಮಸ್ ವೆಜ್‌ವುಡ್ ಮತ್ತು ಹಂಫ್ರಿ ಡೇವಿ ಒಂದು ಲೇಖನ ಪ್ರಕಟಿಸಿದರು. ಬೆಳ್ಳಿಯ ನೈಟ್ರೇಟ್ ಸವರಿದ ಕಾಗದ ಅಥವಾ ಚರ್ಮದ ಮೇಲೆ ಎಲೆಯನ್ನೋ ಕೀಟದ ರೆಕ್ಕೆಯನ್ನೋ ಇಟ್ಟು ಬಿಸಿಲಿಗೆ ಒಡ್ಡಿದರೆ ಅದರ ಅಚ್ಚು ಮೂಡುತ್ತದೆ ಎಂದು ಅವರು ತಿಳಿಸಿದ್ದರು. ಆದರೆ ಒಂದು ತೊಡಕಿತ್ತು. ಬೆಳಕು ಬೀಳದೆ ಬಿಳಿಯಾಗಿ ಉಳಿದ ಭಾಗದಲ್ಲಿ ಬೆಳ್ಳಿಯ ಲವಣ ಹಾಗೆಯೇ ಇರುತ್ತಿತ್ತು. ನೋಡಲೆಂದು ಹೊರಗೆ ತಂದರೆ ಆ ಭಾಗವೂ ಕಪ್ಪಾಗಿ ಚಿತ್ರವೇ ಮಾಯ! ಮೋಂಬತ್ತಿಯ ಮಂದ ಬೆಳಕಿನಲ್ಲಿ ಕದ್ದು ನೋಡಬೇಕಿತ್ತು. ಚಿತ್ರವನ್ನು ನಿಲ್ಲಿಸುವ ವಿದ್ಯೆ ಇಬ್ಬರಿಗೂ ದಕ್ಕಲಿಲ್ಲ.

ಅದು ದಕ್ಕಿದ್ದು ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್‌ಗೆ. ಆತ ಗಣಿತಜ್ಞ, ಜೊತೆಗೆ ಸಸ್ಯಗಳಲ್ಲಿ ಅಪಾರ ಆಸಕ್ತಿ ಇದ್ದವನು, ಲಿನ್ನಿಯನ್ ಸೊಸೈಟಿಯ ಸದಸ್ಯ. 1833ರಲ್ಲಿ ಇಟಲಿಯ ಕೋಮೋ ಸರೋವರದ ದಡದಲ್ಲಿ ಕುಳಿತು ಚಿತ್ರ ಬರೆಯಲು ಹೋಗಿ ಸೋತ. ಕೈ ಮಾಡಲಾಗದ ಕೆಲಸವನ್ನು ಬೆಳಕೇ ಮಾಡಿದರೆ ಹೇಗೆ ಎಂಬ ಯೋಚನೆ ಅಲ್ಲಿಯೇ ಹೊಳೆಯಿತು. ಮರುವರ್ಷ ಲೇಕಾಕ್ ಅಬ್ಬೆ ಎಂಬ ತನ್ನ ಮನೆಯಲ್ಲಿ ಪ್ರಯೋಗ ಆರಂಭಿಸಿದ. ಕಾಗದವನ್ನು ಅಡುಗೆ ಉಪ್ಪಿನ ದ್ರಾವಣದಲ್ಲಿ ಅದ್ದಿ ಒಣಗಿಸಿ, ಅದರ ಮೇಲೆ ಬೆಳ್ಳಿಯ ನೈಟ್ರೇಟ್ ಸವರಿದ. ಕಾಗದದ ನಾರುಗಳ ನಡುವೆ ಬೆಳ್ಳಿಯ ಕ್ಲೋರೈಡ್ ಉಂಟಾಯಿತು. ಮೇಲೆ ಎಲೆ, ಅದರ ಮೇಲೆ ಗಾಜು ಇಟ್ಟು ಬಿಸಿಲಿಗೆ ಹಿಡಿದ. ಬೆಳಕು ಬಿದ್ದಲ್ಲಿ ಕಾಗದ ಕಪ್ಪಾಯಿತು, ಎಲೆಯ ಕೆಳಗೆ ಬಿಳಿಯಾಗಿ ಉಳಿಯಿತು. ಎಲೆಯ ತೆಳುಭಾಗದ ಮೂಲಕ ಒಂದಿಷ್ಟು ಬೆಳಕು ಹಾಯ್ದುದರಿಂದ ನಾಳಗಳ ಜಾಲವೂ ಮೂಡಿತು. ಆಮೇಲೆ ಅದನ್ನು ಗಾಢವಾದ ಉಪ್ಪುನೀರಿನಲ್ಲಿ ಅದ್ದಿದಾಗ ಉಳಿದ ಲವಣ ಬೆಳಕಿಗೆ ಬಹುಮಟ್ಟಿಗೆ ಸ್ಪಂದಿಸದಂತಾಯಿತು. ಚಿತ್ರ ನಿಂತಿತು! 1839ರಲ್ಲಿ ಜಾನ್ ಹರ್ಷೆಲ್ ಸೂಚಿಸಿದ ‘ಹೈಪೊ’ ಇದಕ್ಕಿಂತ ಉತ್ತಮ ಉಪಾಯವಾಯಿತು. ಅದು ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ತೊಳೆದೇಬಿಡುತ್ತದೆ.

ಹೂಕರ್ ತೋರಿಸಿದ ಕೊರತೆ

1839ರ ಜನವರಿಯಲ್ಲಿ ಟಾಲ್ಬಟ್ ತನ್ನ ವಿಧಾನವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದ. ಅದೇ ವರ್ಷ ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕರಾಗಿದ್ದ ಹೆಸರಾಂತ ಸಸ್ಯ ವಿಜ್ಞಾನಿ ವಿಲಿಯಂ ಜಾಕ್ಸನ್ ಹೂಕರ್‌ಗೆ ಪತ್ರ ಬರೆದ. ಬ್ರಿಟನ್ನಿನ ಸಸ್ಯಗಳ ಬಗ್ಗೆ ಬೆಳಕಿನಿಂದಲೇ ಮೂಡಿಸಿದ ಚಿತ್ರಗಳ ಒಂದು ಗ್ರಂಥವನ್ನು ಇಬ್ಬರೂ ಸೇರಿ ತರೋಣ ಎಂಬುದು ಆತನ ಆಸೆ. ಮಾದರಿಗೆಂದು ಒಂದು ಕ್ಯಾಂಪಾನ್ಯುಲ ಗಿಡದ ಅಚ್ಚನ್ನೂ ಕಳಿಸಿದ.

ಹೂಕರ್ ಅದನ್ನು ಮೆಚ್ಚಿದರು, ಆದರೆ ಒಪ್ಪಲಿಲ್ಲ. ಒಟ್ಟಾರೆ ನೋಟ ಚೆಲುವಾಗಿದೆ. ಆದರೆ ಹೂವಿನ ಉಬ್ಬು ಕಾಣುತ್ತಿಲ್ಲ, ಪುಷ್ಪಪಾತ್ರೆ ತಿಳಿಯುತ್ತಿಲ್ಲ, ಎಲೆಯ ನಾಳಗಳು ಸ್ಪಷ್ಟವಿಲ್ಲ ಎಂಬುದು ಅವರ ತೀರ್ಮಾನದ ಸಾರ. ಗ್ರಂಥ ಬರಲಿಲ್ಲ.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿ. ಹೂಕರ್ ಹೊಸತನ್ನು ಒಪ್ಪದ ಹಟಮಾರಿ ಎನಿಸಬಹುದು. ಆದರೆ ಸಸ್ಯ ವಿಜ್ಞಾನಿಗೆ ಚಿತ್ರ ಬೇಕಾಗುವುದು ಗಿಡವನ್ನು ಗುರುತಿಸಲು. ಕೇಸರಗಳೆಷ್ಟು, ಪುಷ್ಪಪತ್ರಗಳು ಕೂಡಿವೆಯೋ ಬಿಡಿಯಾಗಿವೆಯೋ, ಎಲೆಯ ಅಂಚು ಹೇಗಿದೆ — ಇವೆಲ್ಲ ಕಾಣಬೇಕು. ನುರಿತ ಕಲಾವಿದ ಹತ್ತಾರು ಮಾದರಿಗಳನ್ನು ನೋಡಿ, ಹುಳು ತಿಂದ ಎಲೆಯನ್ನು ಬಿಟ್ಟು, ಮೊಗ್ಗು, ಹೂ, ಕಾಯಿಗಳನ್ನು ಒಂದೇ ಹಾಳೆಯಲ್ಲಿ ಬರೆಯಬಲ್ಲ. ಬೆಳಕು ಹಾಗಲ್ಲ. ಎದುರಿಗೆ ಇಟ್ಟ ಒಂದೇ ಗಿಡವನ್ನು, ಆ ಕ್ಷಣದಲ್ಲಿ ಇದ್ದಂತೆ, ಒಂದೇ ಕೋನದಿಂದ ಮೂಡಿಸುತ್ತದೆ. ಹೊಸ ಪ್ರಭೇದವನ್ನು ವರ್ಣಿಸುವ ವಿಜ್ಞಾನಿಗಳು ಇಂದಿಗೂ ಛಾಯಾಚಿತ್ರದ ಜೊತೆಗೆ ರೇಖಾಚಿತ್ರವನ್ನು ಬಳಸುವುದು ಇದಕ್ಕಾಗಿಯೇ. ಚೆಲುವಾದ ಚಿತ್ರವೆಲ್ಲ ಮಾಹಿತಿಯುಳ್ಳ ಚಿತ್ರವಲ್ಲ ಎಂಬುದು ಹೂಕರ್ ಕಲಿಸಿದ ಪಾಠ. ಅದನ್ನು ಮರೆಯದೆ ಮುಂದೆ ಹೋಗೋಣ.

ನೀಲಿ ಹಾಳೆಗಳ ಅನ್ನಾ

ಟಾಲ್ಬಟ್ ಕಂಡ ಕನಸನ್ನು ನನಸಾಗಿಸಿದವರು ಒಬ್ಬ ಮಹಿಳೆ. ಅನ್ನಾ ಅಟ್ಕಿನ್ಸ್ ಹುಟ್ಟಿದ್ದು 1799ರಲ್ಲಿ, ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ. ತಾಯಿಯನ್ನು ಎಳವೆಯಲ್ಲೇ ಕಳೆದುಕೊಂಡ ಆಕೆಗೆ ತಂದೆಯೇ ಗುರು. ತಂದೆ ಜಾನ್ ಜಾರ್ಜ್ ಚಿಲ್ಡ್ರನ್ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ವಿಜ್ಞಾನಿ. ಅವರು ಅನುವಾದಿಸಿದ ಲಾಮಾರ್ಕ್‌ನ ಚಿಪ್ಪುಗಳ ಗ್ರಂಥಕ್ಕೆ ಮಗಳು 250ಕ್ಕೂ ಹೆಚ್ಚು ಚಿತ್ರ ಬರೆದುಕೊಟ್ಟಿದ್ದಳು. ಎಂದರೆ, ಆಕೆಗೆ ಚಿತ್ರ ಬರೆಯಲು ಬರುತ್ತಿತ್ತು. ಆದರೂ ಕಡಲಪಾಚಿಗಳ ವಿಷಯದಲ್ಲಿ ಆಕೆ ಕುಂಚವನ್ನು ಕೆಳಗಿಟ್ಟಳು. ಕೂದಲಿಗಿಂತ ನವುರಾದ ಎಳೆಗಳುಳ್ಳ ಪಾಚಿಗಳನ್ನು ಕರಾರುವಾಕ್ಕಾಗಿ ಬರೆಯುವುದು ಬಲು ಕಷ್ಟವೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು.

1842ರಲ್ಲಿ ಹರ್ಷೆಲ್ ಬೆಳ್ಳಿಯ ಬದಲು ಕಬ್ಬಿಣದ ಲವಣಗಳನ್ನು ಬಳಸುವ ಒಂದು ಅಗ್ಗದ ವಿಧಾನವನ್ನು ಪ್ರಕಟಿಸಿದ್ದರು. ಅದೇ ಸಯನೋಟೈಪ್. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟಾಸಿಯಂ ಫೆರಿಸಯನೈಡ್ ದ್ರಾವಣಗಳನ್ನು ಬೆರೆಸಿ ಕಾಗದಕ್ಕೆ ಸವರಿ ಕತ್ತಲಲ್ಲಿ ಒಣಗಿಸಬೇಕು. ಬಿಸಿಲು ಬಿದ್ದಲ್ಲಿ ಫೆರಿಕ್ ಅಯಾನು ಫೆರಸ್ ಆಗಿ ಅಪಕರ್ಷಣ ಹೊಂದುತ್ತದೆ. ಅದು ಫೆರಿಸಯನೈಡ್ ಜೊತೆ ಸೇರಿ ಪ್ರಷ್ಯನ್ ನೀಲಿಯಾಗುತ್ತದೆ. ಈ ನೀಲಿ ನೀರಿನಲ್ಲಿ ಕರಗದು. ಬಿಸಿಲು ಬೀಳದ ಕಡೆ ಇರುವ ಲವಣಗಳು ಕರಗುತ್ತವೆ. ಹಾಗಾಗಿ ಬರೀ ನೀರಿನಲ್ಲಿ ತೊಳೆದರೆ ಸಾಕು; ಕಡುನೀಲಿಯ ನಡುವೆ ಪಾಚಿಯ ಬಿಳಿಯ ಅಚ್ಚು ಉಳಿಯುತ್ತದೆ.

ಅನ್ನಾ ಈ ವಿಧಾನವನ್ನು ಕೈಗೆತ್ತಿಕೊಂಡು 1843ರ ಅಕ್ಟೋಬರಿನಲ್ಲಿ ಬ್ರಿಟಿಷ್ ಪಾಚಿಗಳನ್ನು ಕುರಿತ ಗ್ರಂಥದ ಮೊದಲ ಭಾಗವನ್ನು ಹೊರತಂದಳು. ಛಾಯಾಚಿತ್ರಗಳನ್ನೇ ಚಿತ್ರಗಳಾಗಿ ಬಳಸಿದ ಮೊದಲ ಪುಸ್ತಕವಿದು. ಟಾಲ್ಬಟ್ ತನ್ನ ‘ದಿ ಪೆನ್ಸಿಲ್ ಆಫ್ ನೇಚರ್’ ಗ್ರಂಥದ ಮೊದಲ ಕಂತನ್ನು ತಂದದ್ದು ಮರುವರ್ಷ, 1844ರಲ್ಲಿ. ಅನ್ನಾಳ ಕೆಲಸ ಹತ್ತು ವರ್ಷ ನಡೆಯಿತು. ಮುದ್ರಣಯಂತ್ರವಿಲ್ಲ. ಪ್ರತಿಯೊಂದು ಪ್ರತಿಯ ಪ್ರತಿಯೊಂದು ಹಾಳೆಯನ್ನೂ ಬೇರೆಬೇರೆಯಾಗಿ ಬಿಸಿಲಿಗೆ ಒಡ್ಡಿ ತೊಳೆಯಬೇಕು. ಒಂದು ಪ್ರತಿಗೆ ಸುಮಾರು 400 ಹಾಳೆಗಳು! ಸಸ್ಯದ ಹೆಸರನ್ನು ಕೂಡ ಎಣ್ಣೆ ಸವರಿ ಅರೆಪಾರದರ್ಶಕ ಮಾಡಿದ ಕಾಗದದ ಮೇಲೆ ಬರೆದು, ಅದನ್ನೂ ಪಾಚಿಯ ಪಕ್ಕದಲ್ಲಿಟ್ಟು ಬೆಳಕಿನಿಂದಲೇ ಅಚ್ಚೊತ್ತಿದಳು. ಆಮೇಲೆ ಗೆಳತಿ ಆನ್ ಡಿಕ್ಸನ್ ಜೊತೆಗೂಡಿ ಜರೀಗಿಡಗಳ ಮತ್ತು ಹೂಗಿಡಗಳ ಸಂಪುಟಗಳನ್ನೂ ಮಾಡಿದಳು.

ಇಷ್ಟೆಲ್ಲ ಮಾಡಿಯೂ ಪುಸ್ತಕದ ಮುನ್ನುಡಿಯ ಕೆಳಗೆ ಆಕೆ ಹಾಕಿದ್ದು ‘ಎ.ಎ.’ ಎಂಬ ಎರಡೇ ಅಕ್ಷರ. ಮುಂದೆ ಅದನ್ನು ಕಂಡವರು ‘ಅನಾಮಧೇಯ ಹವ್ಯಾಸಿ’ ಎಂಬ ಅರ್ಥದ ಇಂಗ್ಲಿಷ್ ಮಾತಿನ ಮೊದಲಕ್ಷರಗಳೆಂದು ಭಾವಿಸಿದ್ದುಂಟು! ಆಕೆ ತೀರಿಕೊಂಡದ್ದು 1871ರಲ್ಲಿ. ಛಾಯಾಗ್ರಹಣದ ಇತಿಹಾಸದಲ್ಲಿ ಆಕೆಗೆ ಸಲ್ಲಬೇಕಾದ ಸ್ಥಾನ ಸಿಕ್ಕಿದ್ದು ಅದಾಗಿ ನೂರು ವರ್ಷ ಕಳೆದ ಮೇಲೆ. ಪಾಠ ಹೇಳುವಾಗ ಟಾಲ್ಬಟ್ ಮತ್ತು ಡಗೇರ್ ಹೆಸರುಗಳ ಜೊತೆಗೆ ಈ ಹೆಸರನ್ನೂ ಹೇಳುವುದು ಶಿಕ್ಷಕರ ಕರ್ತವ್ಯ.

ಗಿಡ ಮನೆಯೊಳಕ್ಕೆ ಬಂತು

ಇದೇ ಕಾಲದಲ್ಲಿ ಇನ್ನೊಂದು ಬೆಳವಣಿಗೆ ನಡೆದಿತ್ತು. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್‌ಗೆ ಜರೀಗಿಡಗಳೆಂದರೆ ಪ್ರಾಣ. ಆದರೆ ಕಲ್ಲಿದ್ದಲ ಹೊಗೆಯಲ್ಲಿ ಅವು ಬದುಕುತ್ತಿರಲಿಲ್ಲ. 1829ರಲ್ಲಿ ಪತಂಗದ ಕೋಶವೊಂದನ್ನು ಮಣ್ಣಿನೊಡನೆ ಗಾಜಿನ ಸೀಸೆಯಲ್ಲಿ ಮುಚ್ಚಿಟ್ಟಿದ್ದ. ಅದರೊಳಗೆ ತಾನಾಗಿ ಜರೀಗಿಡವೊಂದು ಮೊಳೆಯಿತು! ಹಗಲು ಆವಿಯಾದ ನೀರು ಗಾಜಿನ ಮೇಲೆ ಹನಿಗಟ್ಟಿ ಮತ್ತೆ ಮಣ್ಣಿಗೆ ಇಳಿಯುತ್ತಿತ್ತು. ಹೊರಗಿನ ಮಸಿ ಒಳಗೆ ಬರುತ್ತಿರಲಿಲ್ಲ. ಹೀಗೆ ‘ವಾರ್ಡ್ ಪೆಟ್ಟಿಗೆ’ ಹುಟ್ಟಿತು. ಇಂಥ ಪೆಟ್ಟಿಗೆಗಳಲ್ಲಿಯೇ ಮುಂದೆ ಚೀನಾದ ಟೀ ಸಸಿಗಳು ಕಡಲು ದಾಟಿ ಭಾರತಕ್ಕೆ ಬಂದವು. ಇತ್ತ ಲಂಡನ್ನಿನ ಬೈಠಕ್ಕುಗಳಲ್ಲಿ ಗಾಜಿನ ಪೆಟ್ಟಿಗೆಯ ಜರೀಗಿಡ ಶೋಭಿಸತೊಡಗಿತು. ಮನೆಯೊಳಗೆ ಗಿಡ ಬೆಳೆಸುವ ಹವ್ಯಾಸವೂ ಬೆಳಕಿನಿಂದ ಗಿಡವನ್ನು ಚಿತ್ರಿಸುವ ಹವ್ಯಾಸವೂ ಹೆಚ್ಚುಕಡಿಮೆ ಒಂದೇ ಕಾಲದವು.

ಹಸಿರು ಕಪ್ಪಾದಾಗ

ಅಚ್ಚೊತ್ತುವುದನ್ನು ಬಿಟ್ಟು ಕ್ಯಾಮೆರಾದ ಮೂಲಕ ಗಿಡವನ್ನು ಸೆರೆಹಿಡಿಯಲು ಹೋದವರಿಗೆ ಹೊಸ ಕಷ್ಟ ಎದುರಾಯಿತು. ಕೆಂಪು ಹೂವೂ ಹಸಿರೆಲೆಯೂ ಒಂದೇ ಸಮನೆ ಕಪ್ಪಾಗಿ ಬರುತ್ತಿದ್ದವು. ನೀಲಿ ಹೂ ಮಾತ್ರ ಬೆಳ್ಳಗೆ. ಕಾರಣವನ್ನು ನೀವೇ ಊಹಿಸಬಲ್ಲಿರಿ. ಬೆಳ್ಳಿಯ ಲವಣಗಳು ರೋಹಿತದ ನೀಲಿ, ನೇರಿಳೆ ಮತ್ತು ಅತಿನೇರಿಳೆ ಭಾಗಕ್ಕೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತವೆ. ಹಸಿರು, ಕೆಂಪು ಬೆಳಕಿನ ಫೋಟಾನುಗಳ ಶಕ್ತಿ ಅವಕ್ಕೆ ಸಾಲದು. ಎಲೆಯೋ ನೀಲಿ ಬೆಳಕನ್ನು ದ್ಯುತಿಸಂಶ್ಲೇಷಣೆಗಾಗಿ ಹೀರಿಕೊಂಡುಬಿಡುತ್ತದೆ. ಅದು ಹೊರಚೆಲ್ಲುವ ಹಸಿರು ಬೆಳಕು ಫಲಕಕ್ಕೆ ಕಾಣದು. ಎಲೆಗೆ ಬೇಕಾದದ್ದೂ ಫಲಕಕ್ಕೆ ಬೇಕಾದದ್ದೂ ಒಂದೇ ಆಗಿಬಿಟ್ಟಿತ್ತು!

1873ರಲ್ಲಿ ಬರ್ಲಿನ್ನಿನ ಹರ್ಮನ್ ವಿಲ್ಹೆಲ್ಮ್ ಫೋಗೆಲ್ ಇದಕ್ಕೆ ದಾರಿ ತೋರಿದರು. ಫಲಕಕ್ಕೆ ತಕ್ಕ ಬಣ್ಣದ ದ್ರವ್ಯವನ್ನು ಸೇರಿಸಿದರೆ, ಆ ದ್ರವ್ಯ ಹೀರುವ ಬೆಳಕಿಗೂ ಫಲಕ ಸ್ಪಂದಿಸುತ್ತದೆ ಎಂದು ಕಂಡುಕೊಂಡರು. ಮರುವರ್ಷವೇ ಫ್ರಾನ್ಸಿನ ಎಡ್ಮಂಡ್ ಬೆಕರೆಲ್ ಪತ್ರಹರಿತ್ತನ್ನೇ ಸೇರಿಸಿ ಫಲಕವನ್ನು ಕೆಂಪು ಬೆಳಕಿಗೆ ಸ್ಪಂದಿಸುವಂತೆ ಮಾಡಿದರು. ಎಲೆಯೊಳಗೆ ಬೆಳಕನ್ನು ಹಿಡಿಯುವ ವಸ್ತುವೇ ಫಲಕದಲ್ಲೂ ಬೆಳಕನ್ನು ಹಿಡಿಯಿತು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಲಕಗಳು 20ನೆಯ ಶತಮಾನದ ಮೊದಲ ದಶಕದಲ್ಲಿ ಅಂಗಡಿಗೆ ಬಂದವು. 1907ರಲ್ಲಿ ಲ್ಯೂಮಿಯೆರ್ ಸೋದರರ ವರ್ಣಫಲಕ ‘ಆಟೋಕ್ರೋಮ್’ ಬಂತು. ಅದರ ಜೀವಾಳವೂ ಸಸ್ಯಮೂಲದ್ದೇ. ಕಿತ್ತಳೆಗೆಂಪು, ಹಸಿರು, ನೀಲಿನೇರಿಳೆ ಬಣ್ಣ ಹಾಕಿದ ಆಲೂಗೆಡ್ಡೆಯ ಪಿಷ್ಟದ ಕಣಗಳನ್ನು ಗಾಜಿನ ಮೇಲೆ ಹರಡಿ ಅವು ಬಣ್ಣಸೋಸುಕಗಳಂತೆ ಕೆಲಸ ಮಾಡುವ ಹಾಗೆ ಮಾಡಿದ್ದರು. ಇಂದಿನ ಮೊಬೈಲ್ ಕ್ಯಾಮೆರಾದ ಸಂವೇದಕದ ಮೇಲೂ ಕೆಂಪು, ಹಸಿರು, ನೀಲಿ ಸೋಸುಕಗಳ ಚೌಕುಳಿಯಿದೆ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಹಕ್ಕುಸ್ವಾಮ್ಯ ಪಡೆದ ವಿನ್ಯಾಸದಲ್ಲಿ ಅರ್ಧದಷ್ಟು ಸೋಸುಕಗಳು ಹಸಿರು. ನಮ್ಮ ಕಣ್ಣು ಹಸಿರಿಗೇ ಹೆಚ್ಚು ಸೂಕ್ಷ್ಮವಾಗಿರುವುದು ಇದಕ್ಕೆ ಕಾರಣ.

ಇನ್ನೊಂದು ಸ್ವಾರಸ್ಯ. 1910ರಲ್ಲಿ ಅಮೆರಿಕದ ಭೌತ ವಿಜ್ಞಾನಿ ರಾಬರ್ಟ್ ವುಡ್ ಅವಕೆಂಪು ಕಿರಣಗಳಿಂದ ತೆಗೆದ ಚಿತ್ರಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಆಕಾಶ ಕಪ್ಪು, ಗಿಡಮರಗಳು ಹಿಮ ಸುರಿದಂತೆ ಬಿಳಿ! ಎಲೆಯ ಒಳಗಿನ ಕೋಶಗಳು ಮತ್ತು ಗಾಳಿಯ ಎಡೆಗಳು ಅವಕೆಂಪು ಕಿರಣಗಳಲ್ಲಿ ಸುಮಾರು ಅರ್ಧದಷ್ಟನ್ನು ಹಿಂದಕ್ಕೆ ಚೆದರಿಸುತ್ತವೆ. ಬೆಳೆ ಸೊರಗಿದಾಗ ಈ ಪ್ರಮಾಣ ತಗ್ಗುತ್ತದೆ. ಬೆಂಗಳೂರಿನಲ್ಲಿ ಇಸ್ರೋ ನಿರ್ಮಿಸಿದ, 1988ರ ಮಾರ್ಚಿನಲ್ಲಿ ಕಕ್ಷೆಗೆ ಏರಿದ ಐಆರ್‌ಎಸ್-1ಎ ಉಪಗ್ರಹದ ಕ್ಯಾಮೆರಾಗಳಲ್ಲಿ ಅವಕೆಂಪು ಪಟ್ಟಿಯೊಂದನ್ನು ಇಟ್ಟದ್ದರಿಂದ ಸಸ್ಯಗಳ ಈ ಗುಣವನ್ನು ಆಕಾಶದಿಂದಲೇ ಅಳೆಯಲು ಸಾಧ್ಯವಾಯಿತು. ಎಲೆ ಕಪ್ಪಾಗಿ ಬಂತಲ್ಲ ಎಂಬ ಹಳೆಯ ಕೊರಗಿನಿಂದ ಹೊರಟ ಪ್ರಶ್ನೆ ಎಲ್ಲಿಗೆ ಮುಟ್ಟಿತು, ನೋಡಿ.

ಒಬ್ಬ ಮೇಷ್ಟ್ರು, ಒಬ್ಬ ತಾಯಿ

ಗಿಡದ ಚಿತ್ರ ಇಷ್ಟು ಚೆಲುವಾಗಿರಬಹುದೆಂದು ಜಗತ್ತಿಗೆ ತೋರಿಸಿದವರಲ್ಲಿ ಇಬ್ಬರನ್ನು ನೆನೆಯಲೇಬೇಕು. ಮೊದಲನೆಯವರು ಬರ್ಲಿನ್ನಿನ ಕಾರ್ಲ್ ಬ್ಲಾಸ್‌ಫೆಲ್ಟ್. ಅಲ್ಲಿನ ಕರಕುಶಲ ಕಲಾಶಾಲೆಯಲ್ಲಿ ಮೂರು ದಶಕಗಳ ಕಾಲ ಅವರು ಮೇಷ್ಟ್ರು. ಗಿಡಗಳ ಆಕಾರ ನೋಡಿ ವಿನ್ಯಾಸ ಕಲಿಯುವ ವಿದ್ಯಾರ್ಥಿಗಳಿಗೆ ಪಾಠೋಪಕರಣ ಬೇಕಿತ್ತು. ಕಿತ್ತ ಗಿಡ ತರಗತಿ ಮುಗಿಯುವಷ್ಟರಲ್ಲಿ ಬಾಡುತ್ತದೆ. ಅದಕ್ಕಾಗಿ ತಾವೇ ಕೂಡಿಸಿಕೊಂಡ ಕ್ಯಾಮೆರಾದಿಂದ ಜರೀಗಿಡದ ಸುರುಳಿ, ಮೊಗ್ಗು, ಬೀಜಕೋಶಗಳನ್ನು ಹಲವು ಪಟ್ಟು ಹಿಗ್ಗಿಸಿ ಚಿತ್ರಿಸಿದರು. ಹಿನ್ನೆಲೆಗೆ ಬರಿಯ ಬಿಳಿ ಅಥವಾ ಬೂದು ಹಲಗೆ. ನೇರ ಬಿಸಿಲಿಲ್ಲದ, ಹರಡಿದ ಹಗಲು ಬೆಳಕು. ಅಷ್ಟೇ. 1928ರಲ್ಲಿ ಈ ಚಿತ್ರಗಳು ‘ಕಲೆಯ ಮೂಲರೂಪಗಳು’ ಎಂಬ ಅರ್ಥದ ಹೆಸರಿನಲ್ಲಿ ಪುಸ್ತಕವಾದಾಗ 63ರ ಮೇಷ್ಟ್ರು ಒಮ್ಮೆಲೇ ಪ್ರಸಿದ್ಧರಾದರು. ತಿಳಿದಿರಬೇಕಾದ ಇನ್ನೊಂದು ಸಂಗತಿಯೂ ಇದೆ. ಆಕಾರ ಎದ್ದು ಕಾಣಲೆಂದು ಅವರು ಕೆಲವು ಎಲೆಗಳನ್ನು ಸವರಿ, ಗಿಡವನ್ನು ತಿದ್ದಿ ಚಿತ್ರ ತೆಗೆಯುತ್ತಿದ್ದರು. ವಿನ್ಯಾಸದ ಪಾಠಕ್ಕೆ ಅದು ಸರಿ. ಸಸ್ಯ ವಿಜ್ಞಾನದ ದಾಖಲೆಗೆ ಅದು ಸಲ್ಲದು.

ಎರಡನೆಯವರು ಅಮೆರಿಕದ ಇಮೋಜೆನ್ ಕನಿಂಗ್‌ಹ್ಯಾಮ್. ಓದಿದ್ದು ರಸಾಯನ ವಿಜ್ಞಾನ. ಕಾಲೇಜಿನ ಖರ್ಚಿಗಾಗಿ ಸಸ್ಯ ವಿಜ್ಞಾನ ವಿಭಾಗಕ್ಕೆ ಸ್ಲೈಡುಗಳನ್ನು ಮಾಡಿಕೊಟ್ಟವರು. 1920ರ ದಶಕದಲ್ಲಿ ಮೂವರು ಚಿಕ್ಕ ಗಂಡುಮಕ್ಕಳನ್ನು ನೋಡಿಕೊಳ್ಳುತ್ತ ಮನೆಯಲ್ಲೇ ಇರಬೇಕಾಯಿತು. ಹೊರಗೆ ಹೋಗಿ ಚಿತ್ರ ತೆಗೆಯುವಂತಿರಲಿಲ್ಲ. ಮಕ್ಕಳು ಆಡುತ್ತಿದ್ದ ಹಿತ್ತಿಲಿನ ಗಿಡಗಳೇ ಆಕೆಯ ವಸ್ತುಗಳಾದವು. 1925ರ ಮ್ಯಾಗ್ನೋಲಿಯ ಹೂವಿನ ಚಿತ್ರ ಆ ದಿನಗಳದ್ದು. ಚಿತ್ರದ ತುಂಬ ಹೂವೊಂದೇ. ದಳಗಳ ಬಿಳುಪಿನಲ್ಲೂ ನೆರಳಿನ ಹತ್ತಾರು ಮಟ್ಟಗಳಿವೆ. ನಡುವಿನ ಕೇಸರಗಳನ್ನೂ ಶಲಾಕೆಗಳನ್ನೂ ಬಿಡಿಬಿಡಿಯಾಗಿ ಕಾಣಬಹುದು. ಹೂಕರ್ ಕೇಳಿದ್ದ ಉಬ್ಬು, ಆಳ, ಗೆರೆ ಎಲ್ಲವೂ ಅಲ್ಲಿವೆ. ಚೆಲುವು ಮತ್ತು ಮಾಹಿತಿ ಒಂದೇ ಚಿತ್ರದಲ್ಲಿ ಕೂಡಿದ್ದು ಹೇಗೆ? ಪಕ್ಕದಿಂದ ಬಿದ್ದ ಮೃದುವಾದ ಬೆಳಕು, ಸರಿಯಾದ ಒಡ್ಡಿಕೆ, ಹತ್ತಿರದ ನೋಟ. ಈ ಮೂರೂ ಆಕೆಯ ಆಯ್ಕೆ.

ಕಾಲವನ್ನು ಹಿಡಿದವರು

ಗಿಡ ನಿಂತಲ್ಲೇ ನಿಂತಿರುತ್ತದೆ ಎಂಬುದು ನಮ್ಮ ಆತುರದ ಕಣ್ಣಿನ ಭ್ರಮೆ. 1898ರಿಂದ 1900ರ ನಡುವೆ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ಫೆಫರ್ ನಿಗದಿತ ಅಂತರದಲ್ಲಿ ಒಂದೊಂದು ಚಿತ್ರ ತೆಗೆದು, ಅವನ್ನು ವೇಗವಾಗಿ ಓಡಿಸಿ ತೋರಿಸಿದರು. ಟ್ಯುಲಿಪ್ ಹೂವಿನ ಚಲನೆ, ಮುಟ್ಟಿದರೆ ಮುನಿಯ ಎಲೆಗಳ ಮಡಿಕೆ, ಅವರೆ ಜಾತಿಯ ಸಸಿಯ ಬೇರು ಕೆಳಕ್ಕೆ ತಿರುಗುವುದು — ಎಲ್ಲವೂ ಕಣ್ಣೆದುರು ನಡೆದವು. 1910ರಲ್ಲಿ ಲಂಡನ್ನಿನ ಪರ್ಸಿ ಸ್ಮಿತ್ ಹೂ ಅರಳುವುದನ್ನು ಇದೇ ರೀತಿಯಲ್ಲಿ ಚಲನಚಿತ್ರವಾಗಿಸಿ ಸಾಮಾನ್ಯ ಜನರಿಗೆ ತೋರಿಸಿದರು. ನಮ್ಮ ಜಗದೀಶಚಂದ್ರ ಬೋಸರು ಇನ್ನೊಂದು ದಾರಿ ಹಿಡಿದರು. ಅವರ ಕ್ರೆಸ್ಕೋಗ್ರಾಫ್ ಗಿಡದ ಬೆಳವಣಿಗೆಯನ್ನು ಸಾವಿರಾರು ಪಟ್ಟು ಹಿಗ್ಗಿಸಿ, ಮಸಿ ಹಿಡಿಸಿದ ಗಾಜಿನ ಮೇಲೆ ಚುಕ್ಕೆಗಳಾಗಿ ದಾಖಲಿಸುತ್ತಿತ್ತು. ಅದು ಗಿಡದ ಚಿತ್ರವಲ್ಲ, ಗಿಡದ ಸಹಿ ಎನ್ನಬಹುದು.

ಎಲೆಯೇ ಫಿಲ್ಮ್!

ಇನ್ನು ತರಗತಿಗೆ ಒಂದು ಪ್ರಯೋಗ. 1914ರಲ್ಲಿ ವಿಯನ್ನಾದ ಸಸ್ಯ ವಿಜ್ಞಾನಿ ಹನ್ಸ್ ಮೊಲಿಶ್ ಜೀವಂತ ಎಲೆಯೊಳಗೆ ಛಾಯಾಚಿತ್ರ ಮೂಡಿಸುವ ಬಗೆಯನ್ನು ಪ್ರಕಟಿಸಿದರು. (ಇದೇ ಮೊಲಿಶ್ 1928ರಲ್ಲಿ ಕಲ್ಕತ್ತೆಗೆ ಬಂದು ಬೋಸ್ ಸಂಸ್ಥೆಯಲ್ಲಿ ಕೆಲಸ ಮಾಡಿದವರು.) ಬೆಳಕು ಬಿದ್ದಲ್ಲಿ ಮಾತ್ರ ಎಲೆ ಪಿಷ್ಟವನ್ನು ತಯಾರಿಸುತ್ತದೆ, ಪಿಷ್ಟ ಅಯೋಡಿನ್‌ನಿಂದ ಕಡುನೀಲಿಯಾಗುತ್ತದೆ. ಇಷ್ಟೇ ಇದರ ಗುಟ್ಟು.

ಕುಂಡದಲ್ಲಿ ಬೆಳೆದ ಜೆರೇನಿಯಂ ಗಿಡವನ್ನು ಎರಡು ದಿನ ಕತ್ತಲಲ್ಲಿಡಿ. ಎಲೆಯಲ್ಲಿರುವ ಪಿಷ್ಟ ಖರ್ಚಾಗುತ್ತದೆ. ಕಪ್ಪು ಕಾಗದದಲ್ಲಿ ಒಂದು ಅಕ್ಷರವನ್ನು ಕೊರೆದು, ಅದನ್ನು ಎಲೆಗೆ ಅಂಟಿಕೊಳ್ಳುವಂತೆ ಕ್ಲಿಪ್ ಹಾಕಿ. ಹಳೆಯ ಫಿಲ್ಮ್ ನೆಗೆಟಿವ್ ಸಿಕ್ಕರೆ ಇನ್ನೂ ಒಳ್ಳೆಯದು. ಗಿಡವನ್ನು ಒಂದು ಹಗಲು ಒಳ್ಳೆಯ ಬೆಳಕಿನಲ್ಲಿಡಿ. ಅನಂತರ ಎಲೆಯನ್ನು ಕಿತ್ತು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ. ಉರಿಯನ್ನು ಪೂರ್ತಿ ಆರಿಸಿದ ಮೇಲೆ, ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿದ ಪ್ರನಾಳದ ಮದ್ಯಸಾರದಲ್ಲಿ ಎಲೆಯನ್ನಿಟ್ಟು ಹಸಿರನ್ನು ತೆಗೆಯಿರಿ. ಮದ್ಯಸಾರದ ಬಳಿ ಬೆಂಕಿ ಕೂಡದು. ಈ ಹಂತವನ್ನು ಶಿಕ್ಷಕರೇ ಮಾಡಬೇಕು. ಬಿಳಿಚಿದ ಎಲೆಯನ್ನು ನೀರಿನಲ್ಲಿ ತೊಳೆದು ದುರ್ಬಲ ಅಯೋಡಿನ್ ದ್ರಾವಣದಲ್ಲಿ ಅದ್ದಿ. ನೀವು ಕೊರೆದ ಅಕ್ಷರ ಎಲೆಯ ಮೇಲೆ ಮೂಡುತ್ತದೆ. ಕ್ಯಾಮೆರಾ ಇಲ್ಲ, ಬೆಳ್ಳಿ ಇಲ್ಲ. ಗಿಡ ತಾನೇ ತೆಗೆದ ಛಾಯಾಚಿತ್ರ!

ಈಗ ನಿಮ್ಮ ಸರದಿ

ಈ ಇತಿಹಾಸವನ್ನು ನಿಮ್ಮ ಕಿಟಕಿಯ ಮನಿಪ್ಲಾಂಟಿಗೆ, ಬಿಗೋನಿಯಕ್ಕೆ ಅನ್ವಯಿಸಿ ನೋಡಿ. ಮೊದಲು ಫ್ಲ್ಯಾಶ್ ಆರಿಸಿ. ಎದುರಿನಿಂದ ಬಿದ್ದ ಬೆಳಕು ನೆರಳನ್ನು ಅಳಿಸುತ್ತದೆ. ನೆರಳಿಲ್ಲದೆ ಉಬ್ಬುತಗ್ಗು ತಿಳಿಯದು. ಕುಂಡವನ್ನು ನೇರ ಬಿಸಿಲು ಬೀಳದ ಕಿಟಕಿಯ ಪಕ್ಕಕ್ಕೆ ತನ್ನಿ. ಬಿಸಿಲು ಬೀಳುತ್ತಿದ್ದರೆ ಬಿಳಿ ಪಂಚೆಯೊಂದನ್ನು ಅಡ್ಡ ಕಟ್ಟಿ. ನೆರಳಿನ ಬದಿ ತೀರ ಕಪ್ಪಾದರೆ ಅತ್ತ ಒಂದು ಬಿಳಿ ರಟ್ಟು ನಿಲ್ಲಿಸಿ. ಅದು ಬೆಳಕನ್ನು ಪ್ರತಿಫಲಿಸುತ್ತದೆ. ಹಿನ್ನೆಲೆಗೆ ಬಣ್ಣಬಣ್ಣದ ಪರದೆ ಬೇಡ. ಬ್ಲಾಸ್‌ಫೆಲ್ಟ್ ಮೇಷ್ಟ್ರ ಬೂದು ಹಲಗೆ ನೆನಪಿರಲಿ. ಎಲೆಯ ಮೇಲಿನ ದೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ನಿಂತು ಮೇಲಿನಿಂದ ನೋಡದೆ, ಗಿಡದ ಮಟ್ಟಕ್ಕೆ ಕುಳಿತುಕೊಳ್ಳಿ. ತೀರ ಹತ್ತಿರ ಹೋದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕಿರಿದಾಗುತ್ತದೆ. ಆದ್ದರಿಂದ ಎಲೆಯ ಹರಹಿಗೆ ಮೊಬೈಲನ್ನು ಸಮಾಂತರವಾಗಿ ಹಿಡಿಯಿರಿ.

ಹಾಗಾದರೆ ಬ್ರಹ್ಮಕಮಲ? ಅದು ಮುದ್ದೆಯಾದದ್ದೇಕೆ ಎಂಬುದು ಈಗ ನಿಮಗೆ ಹೊಳೆದಿರಬೇಕು. ಕ್ಯಾಮೆರಾ ಇಡೀ ದೃಶ್ಯದ ಸರಾಸರಿಯನ್ನು ನಡುಬೂದು ಮಾಡಲು ಹವಣಿಸುತ್ತದೆ. ಸುತ್ತ ಕತ್ತಲು ಇರುವುದರಿಂದ ಒಡ್ಡಿಕೆಯನ್ನು ಏರಿಸುತ್ತದೆ. ಬಿಳಿಯ ದಳಗಳು ಸಂವೇದಕದ ಮಿತಿಯನ್ನು ದಾಟಿ, ಅವುಗಳಲ್ಲಿದ್ದ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಮುಂದಿನ ಸಲ ಒಂದು ಸಾಧಾರಣ ದೀಪವನ್ನು ಹೂವಿನ ಪಕ್ಕದಲ್ಲಿಟ್ಟು ಮುಂದೆ ತೆಳುಬಟ್ಟೆ ಹಿಡಿಯಿರಿ. ಮೊಬೈಲನ್ನು ಪುಸ್ತಕಗಳಿಗೆ ಆನಿಸಿ ಅಲುಗದಂತೆ ನಿಲ್ಲಿಸಿ. ಪರದೆಯ ಮೇಲೆ ಹೂವನ್ನು ಮುಟ್ಟಿ, ಬೆಳಕಿನ ಗುರುತನ್ನು ಕೆಳಕ್ಕೆ ಎಳೆಯಿರಿ. ದಳದ ಗೆರೆಗಳು ಕಾಣತೊಡಗುತ್ತವೆ. ಸಂಜೆಯಿಂದ ಹತ್ತು ನಿಮಿಷಕ್ಕೊಂದರಂತೆ ಅದೇ ಜಾಗದಿಂದ ಚಿತ್ರ ತೆಗೆದು ಓಡಿಸಿ ನೋಡಿದರೆ ಫೆಫರ್ ಮಾಡಿದ್ದನ್ನೇ ನೀವೂ ಮಾಡಿದಂತಾಯಿತು. ಆ ಸರಣಿಯನ್ನು ತರಗತಿಯಲ್ಲಿ ತೋರಿಸುವಾಗ, ಇದು ಅಮೆರಿಕ ಖಂಡದಿಂದ ಬಂದ ಒಂದು ಕಳ್ಳಿ ಜಾತಿ, ನಾವು ಎಲೆ ಎನ್ನುವುದು ಅದರ ಚಪ್ಪಟೆಯಾದ ಕಾಂಡ, ಹಿಮಾಲಯದ ಬ್ರಹ್ಮಕಮಲ ಬೇರೆಯದೇ ಸಸ್ಯ ಎಂಬುದನ್ನೂ ಹೇಳಿ. ಹೂ ಹುಟ್ಟುವ ಜಾಗವನ್ನು ಚಿತ್ರದಲ್ಲಿ ತೋರಿಸಿದರೆ ಮಕ್ಕಳೇ ಅದನ್ನು ಕಂಡುಕೊಳ್ಳುತ್ತಾರೆ.

ಕೊನೆಯದಾಗಿ ಒಂದು ಎಚ್ಚರಿಕೆ. ಇಂದಿನ ಮೊಬೈಲುಗಳು ಹಸಿರನ್ನು ತಾವಾಗಿಯೇ ಇನ್ನಷ್ಟು ಹಸಿರು ಮಾಡಬಲ್ಲವು. ನೋಡಲು ಹಿತ. ಆದರೆ ರೋಗ ಹತ್ತಿದ ಎಲೆಯ ಚಿತ್ರವನ್ನು ಕೃಷಿ ತಜ್ಞರಿಗೆ ಕಳಿಸಿ ಸಲಹೆ ಕೇಳುವ ರೈತರು ಈಗ ಬಹಳ ಮಂದಿ. ಎಲೆಯ ಅಂಚು ಹಳದಿಯೋ, ನಾಳಗಳ ನಡುವೆ ಹಳದಿಯೋ ಎಂಬುದರ ಮೇಲೆ ಕೊರತೆ ಯಾವ ಪೋಷಕಾಂಶದ್ದು ಎಂಬ ತೀರ್ಮಾನ ನಿಂತಿರುತ್ತದೆ. ಆ ಹಳದಿಯನ್ನು ಅಳಿಸಿ ಹಸಿರು ಬಳಿದ ಚಿತ್ರ ಎಷ್ಟೇ ಚೆಲುವಾಗಿದ್ದರೂ ಸುಳ್ಳು ಸಾಕ್ಷಿ. ಅಂಥ ಕಡೆ ಬಣ್ಣ ತಿದ್ದುವ ಸೌಲಭ್ಯವನ್ನು ಆರಿಸಿ, ಎಲೆಯ ಪಕ್ಕದಲ್ಲಿ ಒಂದು ಬಿಳಿ ಕಾಗದ ಮತ್ತು ಅಳತೆಪಟ್ಟಿಯನ್ನಿಟ್ಟು ಚಿತ್ರ ತೆಗೆಯಿರಿ. ಬಣ್ಣ ಎಷ್ಟು ನಿಜ, ಗಾತ್ರ ಎಷ್ಟು ಎಂಬುದು ನೋಡುವವರಿಗೆ ತಿಳಿಯುತ್ತದೆ.

ಹೂಕರ್ ಕೇಳಿದ್ದೂ ಇದನ್ನೇ ಅಲ್ಲವೆ? ಚಿತ್ರ ಚೆಲುವಾಗಿರಲಿ, ಬೇಡವೆಂದವರಾರು? ಆದರೆ ಗಿಡ ಹೇಗಿದೆಯೋ ಹಾಗೆ ಹೇಳಲಿ. ಈ ಮಳೆಗಾಲದಲ್ಲಿ ನಿಮ್ಮ ಶಾಲೆಯ ಕಿಟಕಿಯಲ್ಲಿ ಒಂದು ಕುಂಡ ಇಡಿ. ವಾರಕ್ಕೊಮ್ಮೆ ಅದೇ ಜಾಗದಿಂದ, ಅದೇ ಹೊತ್ತಿಗೆ ಒಂದು ಚಿತ್ರ ತೆಗೆಯಲು ವಿದ್ಯಾರ್ಥಿಗಳಿಗೆ ಹೇಳಿ. ಚಿತ್ರದ ಕೆಳಗೆ ದಿನಾಂಕ ಬರೆಯಲಿ. ಜೊತೆಗೆ ಚಿತ್ರ ತೆಗೆದವರ ಪೂರ್ತಿ ಹೆಸರನ್ನೂ ಬರೆಯಲಿ. ಎರಡು ಅಕ್ಷರ ಸಾಲದು.